‘ಐ ಪಾಸ್ಡ್ ಔಟ್ ಇನ್ 2019’ ಅಂದದ್ದು ತಪ್ಪಾಯಿತಾ?

ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರದವಳು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಈಗ ಉಡುಪಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಹೋದ ತಿಂಗಳು ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ವಿಡಿಯೋ ಇಂಟರ್‌ವ್ಯೂ ಆಯಿತು. ನಿಮ್ಮ ಬಗ್ಗೆ ಹೇಳಿ ಅಂದಾಗ ‘ಐ ಪಾಸ್ಡ್ ಔಟ್ ಫ್ರಮ್ ನರ್ಸಿಂಗ್ ಕಾಲೇಜ್ ಇನ್ 2019’ ಅಂದೆ. ಎದುರಿದ್ದ ಮೇಡಂ ಸ್ವಲ್ಪ ಸುಮ್ಮನಾಗಿ, ಮುಗುಳ್ನಕ್ಕು, ‘ಐ ಹೋಪ್ ಯು ಆರ್ ಆಲ್ ರೈಟ್ ನೌ’ ಅಂದರು. ನನಗೆ ಅರ್ಥ ಆಗದೆ ‘ಯೆಸ್ ಮೇಡಂ’ ಅಂದುಬಿಟ್ಟೆ. ಆಮೇಲೆ ಹುಡುಕಿದರೆ ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪುವುದಂತೆ. ಇನ್ನೂ ಅವರಿಂದ ಉತ್ತರ ಬಂದಿಲ್ಲ. ಆ ಒಂದು ಪದದಿಂದಲೇ ಕೆಲಸ ಹೋಯಿತು ಅಂತ ನಿದ್ದೆ ಬರುತ್ತಿಲ್ಲ. ನನ್ನ ಅಣ್ಣ ಪೊಲೀಸ್ ಟ್ರೈನಿಂಗ್ ಮುಗಿಸಿದವನು. ಅವನ ಆಮಂತ್ರಣ ಪತ್ರದಲ್ಲೇ ‘ಪಾಸಿಂಗ್ ಔಟ್ ಪರೇಡ್’ ಅಂತ ಅಚ್ಚಾಗಿತ್ತು, ತಪ್ಪಾಗಿದ್ದರೆ ಹಾಗೆ ಯಾಕೆ ಹಾಕಿಸುತ್ತಾರೆ ಅಂತ ಕೇಳುತ್ತಾನೆ. ಕೋಚಿಂಗ್ ಸರ್ ಫ್ರೇಸಲ್ ವರ್ಬ್ (ಪಾಸ್ ಔಟ್ ಥರ ಕ್ರಿಯಾಪದಕ್ಕೆ ಸಣ್ಣ ಪದ ಸೇರಿದ ಜೋಡಿ) ಮುಟ್ಟಲೇಬೇಡಿ ಅನ್ನುತ್ತಾರೆ. ರೂಮ್‌ಮೇಟ್ 500 ಫ್ರೇಸಲ್ ವರ್ಬ್ ಇರುವ ಪಟ್ಟಿ ಕೊಟ್ಟು ಬಾಯಿಪಾಠ ಮಾಡು ಅಂದಿದ್ದಾಳೆ. ಆ ಮೇಡಂಗೆ ಮೇಲ್ ಮಾಡಿ ಸರಿಪಡಿಸಬೇಕಾ? ಬಯೋಡೇಟಾದಲ್ಲೂ ಹಾಗೇ ಉಂಟು, ಬದಲಾಯಿಸಬೇಕಾ? ಎರಡು ತಿಂಗಳಲ್ಲಿ ಓಇಟಿ, ಅಂದರೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ ಬೇರೆ ಇದೆ.

ಉತ್ತರ: ಮೊದಲು ಆ ಮೇಲ್ ವಿಷಯ. ಕಳಿಸಬೇಡಿ. ಇಷ್ಟು ದಿನ ಆದ ಮೇಲೆ ಒಂದು ಪದಕ್ಕೆ ವಿವರಣೆ ಕೊಡಲು ಹೋದರೆ, ಅವರು ಮರೆತಿರಬಹುದಾದ್ದನ್ನು ನೀವೇ ನೆನಪು ಮಾಡಿಕೊಟ್ಟ ಹಾಗೆ ಆಗುತ್ತದೆ. ಹೊರದೇಶಗಳಿಂದ ಇಂಗ್ಲೆಂಡಿಗೆ ಹೋಗಿ ಕೆಲಸ ಮಾಡುವ ನರ್ಸುಗಳಲ್ಲಿ ಭಾರತದವರ ಪಾಲು ದೊಡ್ಡದು. ನಮ್ಮವರನ್ನು ಇಂಟರ್‌ವ್ಯೂ ಮಾಡಿ ಅಭ್ಯಾಸ ಇರುವವರ ಕಿವಿಗೆ ಈ ಮಾತು ಮೊದಲ ಸಲ ಬಿದ್ದಿರುವ ಸಾಧ್ಯತೆ ಕಡಿಮೆ. ಅವರು ನಕ್ಕದ್ದು ನಿಮ್ಮನ್ನು ಹಂಗಿಸಲು ಅಂತ ನನಗೆ ಅನ್ನಿಸುವುದಿಲ್ಲ. ಹೆದರಿ ಕೂತವರನ್ನು ಸ್ವಲ್ಪ ಹಗುರ ಮಾಡಲು ಅಲ್ಲಿಯವರು ಹೀಗೆ ಒಂದು ಮಾತು ಆಡುವುದು ಉಂಟು.

ಕೆಲಸ ಸಿಗುತ್ತದೋ ಇಲ್ಲವೋ ನಾನು ಹೇಳಲಾರೆ. ಆದರೆ ನರ್ಸಿಂಗ್ ಇಂಟರ್‌ವ್ಯೂನಲ್ಲಿ ಅವರು ಮುಖ್ಯವಾಗಿ ನೋಡುವುದು ಬೇರೆ. ರೋಗಿಯ ಬಿಪಿ ಇಳಿಯುತ್ತಾ ಹೋದರೆ ನೀವು ಮೊದಲು ಏನು ಮಾಡುತ್ತೀರಿ, ಯಾರಿಗೆ ತಿಳಿಸುತ್ತೀರಿ, ಔಷಧಿ ಕೊಡುವಾಗ ಎಡವಟ್ಟಾದರೆ ಮುಚ್ಚಿಡುತ್ತೀರೋ ಹೇಳುತ್ತೀರೋ, ಸಿಟ್ಟಿನಲ್ಲಿರುವ ರೋಗಿಯ ಮನೆಯವರ ಹತ್ತಿರ ಹೇಗೆ ಮಾತಾಡುತ್ತೀರಿ, ಇಂಥದ್ದು. ಆ ಪ್ರಶ್ನೆಗಳಿಗೆ ನೀವು ಏನು ಹೇಳಿದಿರಿ ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಇಡೀ ಇಂಟರ್‌ವ್ಯೂ ಮರೆತುಹೋಗಿ ಒಂದೇ ಪದ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? ಇದು ನಿಮಗೆ ಮಾತ್ರ ಆಗುವುದಲ್ಲ. ಇಲ್ಲಿ ಮಂಗಳೂರಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವ ನರ್ಸಿಂಗಿನವರಲ್ಲೂ ಕಂಪ್ಯೂಟರ್ ಕೆಲಸದವರಲ್ಲೂ ಇದನ್ನು ನಾನು ಯಾವಾಗಲೂ ನೋಡುತ್ತೇನೆ.

ಈಗ ಸರಿ ತಪ್ಪಿನ ಲೆಕ್ಕ. ‘ಪಾಸ್ಡ್ ಔಟ್ ಅನ್ನುವುದು ತಪ್ಪು ಇಂಗ್ಲಿಷ್’ ಅನ್ನುವುದು ನಿಜವಲ್ಲ. ‘ಎಲ್ಲ ಕಡೆ ಸರಿ’ ಅನ್ನುವುದೂ ನಿಜವಲ್ಲ. ಅದು ಯಾರ ಹತ್ತಿರ ಆಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ನಿಮ್ಮ ಅಣ್ಣ ಹೇಳಿದ್ದು ಪೂರ್ತಿ ಸರಿ, ಅವರ ಜಾಗದಲ್ಲಿ. ಸೈನ್ಯ, ಪೊಲೀಸು ಮುಂತಾದ ಕಡೆ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲೇ ಪಾಸ್ ಔಟ್ ಅನ್ನುತ್ತಾರೆ. ಅಲ್ಲಿಯ ನಿಘಂಟುಗಳಲ್ಲೂ ಈ ಅರ್ಥ ಇದೆ. ಡೆಹ್ರಾಡೂನಿನಲ್ಲಿ 1932ರಲ್ಲಿ ಶುರುವಾದ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ. ನಮಗೆ ಹತ್ತಿರದ ಕಣ್ಣೂರು ಜಿಲ್ಲೆಯ ಏಳಿಮಲದ ನೌಕಾ ಅಕಾಡೆಮಿಯಲ್ಲೂ ಅದೇ ಹೆಸರು. ನಮ್ಮ ಪತ್ರಿಕೆಗಳು ನಿರ್ಗಮನ ಪಥಸಂಚಲನ ಅಂತ ಬರೆಯುವುದು ಇದನ್ನೇ. ಆಮಂತ್ರಣ ಪತ್ರದಲ್ಲಿ ಏನೂ ತಪ್ಪಿಲ್ಲ, ಅಣ್ಣನಿಗೆ ಹೇಳಿ.

ನಾವು ಭಾರತದಲ್ಲಿ ಈ ಅರ್ಥವನ್ನು ಕಾಲೇಜಿಗೂ ಎಳೆದುಕೊಂಡಿದ್ದೇವೆ. ಪರೀಕ್ಷೆ ಪಾಸು, ಕಾಲೇಜಿನಿಂದ ಔಟು, ಎರಡೂ ಸೇರಿದರೆ ಪಾಸೌಟು. ಕನ್ನಡದಲ್ಲಿ ‘ಓದು ಮುಗಿಸಿ ಹೊರಗೆ ಬಂದೆ’ ಅಂತ ಹೇಳುವ ನಮಗೆ ಇದು ಎಷ್ಟು ಸಹಜವಾಗಿ ಕೇಳಿಸುತ್ತದೆ ಅಂದರೆ, ಇದಕ್ಕೆ ಬೇರೆ ಅರ್ಥ ಇರಬಹುದು ಅಂತ ಅನುಮಾನವೇ ಬರುವುದಿಲ್ಲ. ‘ನೀನು ಯಾವ ವರ್ಷದ ಪಾಸೌಟ್?’ ಅಂತ ಮಂಗಳೂರಿನಲ್ಲಿ ಕೇಳಿದರೆ ಯಾರೂ ತಬ್ಬಿಬ್ಬಾಗುವುದಿಲ್ಲ. ಬೆಂಗಳೂರಿನ ಕಂಪನಿಗಳ ಜಾಹೀರಾತಿನಲ್ಲೂ ಇಂಥ ವರ್ಷದ ಪಾಸೌಟ್ ಬೇಕು ಅಂತ ಹಾಕುತ್ತಾರೆ. ಕೋಟಿಗಟ್ಟಲೆ ಜನ ಒಂದೇ ಅರ್ಥದಲ್ಲಿ ಆಡಿ, ಒಂದೇ ಅರ್ಥದಲ್ಲಿ ತಿಳಿದುಕೊಳ್ಳುವ ಮಾತನ್ನು ತಪ್ಪು ಅಂತ ಗೆರೆ ಎಳೆಯುವುದು ನನಗೆ ಇಷ್ಟವಿಲ್ಲ. ಅದು ನಮ್ಮ ಇಂಗ್ಲಿಷ್, ಅಷ್ಟೇ.

ಆದರೆ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾದಲ್ಲಿ ಮಾಮೂಲಿ ಮನುಷ್ಯ ‘ಐ ಪಾಸ್ಡ್ ಔಟ್’ ಅಂದರೆ ಅದಕ್ಕೆ ಮೊದಲ ಅರ್ಥ ಒಂದೇ: ಎಚ್ಚರ ತಪ್ಪಿತು. ಇನ್ನೂ ಒಂದು ಅರ್ಥ ಉಂಟು, ಅಮೆರಿಕದಲ್ಲಿ ಜಾಸ್ತಿ: ಹಂಚುವುದು. ಟೀಚರ್ ಪ್ರಶ್ನೆಪತ್ರಿಕೆ ಹಂಚಿದರು ಅನ್ನುವುದಕ್ಕೆ ‘ದ ಟೀಚರ್ ಪಾಸ್ಡ್ ಔಟ್ ದ ಪೇಪರ್ಸ್’ ಅನ್ನುತ್ತಾರೆ.

ಒಂದೇ ಜೋಡಿಗೆ ಇಷ್ಟು ಅರ್ಥ ಎಲ್ಲಿಂದ ಬಂತು? ಗುಟ್ಟು ಇರುವುದು ಔಟ್ ಅನ್ನುವ ಸಣ್ಣ ಪದದಲ್ಲಿ. ಇಂಗ್ಲಿಷಿನಲ್ಲಿ ಔಟ್ ಅಂದರೆ ಬರೀ ಹೊರಗೆ ಅಂತಲ್ಲ. ದೀಪ ಆರಿದರೆ ‘ದ ಲೈಟ್ ವೆಂಟ್ ಔಟ್’. ಏಟು ಬಿದ್ದು ಪ್ರಜ್ಞೆ ತಪ್ಪಿದರೆ ‘ನಾಕ್ಡ್ ಔಟ್’. ಕಣ್ಣು ಕತ್ತಲೆ ಬಂದು ಏನೂ ನೆನಪಿಲ್ಲ ಅಂದರೆ ‘ಬ್ಲ್ಯಾಕ್ಡ್ ಔಟ್’. ಆರಿಹೋಗುವ ಈ ಔಟ್ ಒಂದು ಕಡೆ. ಹಂಚುವ ಔಟ್ ಇನ್ನೊಂದು ಕಡೆ: ‘ಹ್ಯಾಂಡ್ ಔಟ್’, ‘ಗಿವ್ ಔಟ್’. ಹೊರಗೆ ಹೋಗುವ ಔಟ್ ಮತ್ತೊಂದು ಕಡೆ. ಮೂರೂ ಔಟ್‌ಗಳು ಪಾಸ್ ಜೊತೆ ಬೇರೆಬೇರೆಯಾಗಿ ಸೇರಿಕೊಂಡಿವೆ. ನಾವು ಮೂರನೆಯದನ್ನು ಮಾತ್ರ ಶಾಲೆಯಲ್ಲಿ ಕಲಿತವರು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಈ ಮಾತು ಬರುತ್ತದೆ. ಕ್ರಿಯಾಪದದ ನಂತರ ಒಂದು ಸಣ್ಣ ಪದ ಸೇರಿಸಿ ಅರ್ಥವನ್ನೇ ಬದಲಿಸುವ ಈ ಪದ್ಧತಿ ಪರಭಾಷೆಯವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ ಅಂತ ಅವರೇ ಒಪ್ಪಿಕೊಂಡಿದ್ದರು. ನಮ್ಮ ಭಾಷೆಯಲ್ಲೂ ಇಂಥದ್ದು ಕಡಿಮೆ ಇಲ್ಲ. ‘ಅವರು ತೀರಿಸಿಕೊಂಡರು’ ಅಂದರೆ ಸಾಲವನ್ನೋ ಸೇಡನ್ನೋ. ‘ಅವರು ತೀರಿಕೊಂಡರು’ ಅಂದರೆ ಸತ್ತೇಹೋದರು. ತೀರು ಗೊತ್ತು, ಕೊಳ್ಳು ಗೊತ್ತು ಅಂತ ಎರಡನ್ನೂ ಕೂಡಿಸಿದರೆ ಸಾವು ಅನ್ನುವ ಅರ್ಥ ಹುಟ್ಟುವುದಿಲ್ಲ. ಕನ್ನಡ ಕಲಿಯುವ ಹೊರಗಿನ ಡಾಕ್ಟರೊಬ್ಬರು ಈ ಎರಡನ್ನು ಅದಲುಬದಲು ಮಾಡಿದರೆ ನಾವು ಅವರನ್ನು ದಡ್ಡರು ಅನ್ನುತ್ತೇವಾ? ಇಲ್ಲ, ತಿದ್ದಿ ಹೇಳುತ್ತೇವೆ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನೀವು ಏನು ಹೇಳಿದಿರಿ ಅಂತ ಒದ್ದಾಡುತ್ತಿದ್ದೀರಿ. ಆದರೆ ನಿಮ್ಮ ಕೆಲಸದಲ್ಲಿ ಜಾಸ್ತಿ ಅಪಾಯ ಇರುವುದು ಕೇಳಿಸಿಕೊಳ್ಳುವುದರಲ್ಲಿ. ನೀವು ಇಂಟರ್‌ವ್ಯೂನಲ್ಲಿ ಪಾಸ್ಡ್ ಔಟ್ ಅಂದರೆ ಹೆಚ್ಚೆಂದರೆ ಒಂದು ಮುಗುಳ್ನಗೆ. ವಾರ್ಡಿನಲ್ಲಿ ರೋಗಿ ಪಾಸ್ಡ್ ಔಟ್ ಅಂದದ್ದು ನಿಮಗೆ ತಟ್ಟನೆ ಹೊಳೆಯದಿದ್ದರೆ ಏನಾಗುತ್ತದೆ ಅಂತ ಯೋಚನೆ ಮಾಡಿ.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ. ಎಪ್ಪತ್ತು ದಾಟಿದ ಇಂಗ್ಲಿಷ್ ಅಜ್ಜಿಯೊಬ್ಬರು ನಿಮ್ಮ ಹತ್ತಿರ ಹೀಗೆ ಹೇಳುತ್ತಾರೆ ಅಂತ ಇಟ್ಟುಕೊಳ್ಳಿ: ‘ಐ ಗಾಟ್ ಅಪ್ ಟು ಗೋ ಟು ದ ಲೂ, ಕೇಮ್ ಓವರ್ ಆಲ್ ಫನ್ನಿ ಅಂಡ್ ಪಾಸ್ಡ್ ಔಟ್. ವೆನ್ ಐ ಕೇಮ್ ರೌಂಡ್ ಐ ಥ್ರೂ ಅಪ್, ಅಂಡ್ ಐ ಹ್ಯಾವಂಟ್ ಕೆಪ್ಟ್ ಎನಿಥಿಂಗ್ ಡೌನ್ ಸಿನ್ಸ್.’

ಇದರಲ್ಲಿ ಒಂದೂ ಕಷ್ಟದ ಪದ ಇಲ್ಲ. ಗೆಟ್, ಕಮ್, ಪಾಸ್, ಥ್ರೋ, ಕೀಪ್, ಎಲ್ಲವೂ ಪ್ರಾಥಮಿಕ ಶಾಲೆಯ ಪದಗಳು. ಆದರೂ ಪದಕ್ಕೆ ಪದ ಇಟ್ಟುಕೊಂಡು ಹೋದರೆ ಕೈಗೆ ಏನೂ ಸಿಗುವುದಿಲ್ಲ. ‘ಗಾಟ್ ಅಪ್’ ಅಂದರೆ ಎದ್ದೆ. ಲೂ ಅಂದರೆ ಟಾಯ್ಲೆಟ್. ‘ಕೇಮ್ ಓವರ್ ಆಲ್ ಫನ್ನಿ’ ಅನ್ನುವುದರಲ್ಲಿ ತಮಾಷೆಗೆ ಸಂಬಂಧಪಟ್ಟದ್ದು ಏನೂ ಇಲ್ಲ. ಇದ್ದಕ್ಕಿದ್ದ ಹಾಗೆ ಮೈ ಒಂಥರಾ ಆಯಿತು, ಸಂಕಟ ಆಯಿತು ಅಂತ. ‘ಪಾಸ್ಡ್ ಔಟ್’ ಗೊತ್ತಾಯಿತಲ್ಲ, ಎಚ್ಚರ ತಪ್ಪಿತು. ‘ಕೇಮ್ ರೌಂಡ್’ ಅಂದರೆ ಸುತ್ತು ಹಾಕಿ ಬಂದದ್ದಲ್ಲ, ಎಚ್ಚರ ಬಂತು. ಇದನ್ನೇ ಕೆಲವರು ‘ಕೇಮ್ ಟು’ ಅಂತ ಎರಡೇ ಪದದಲ್ಲಿ ನಿಲ್ಲಿಸುತ್ತಾರೆ. ಆಗ ನಮ್ಮವರು ಎಲ್ಲಿಗೆ ಬಂದರು ಅಂತ ಮುಂದಿನ ಪದಕ್ಕೆ ಕಾಯುತ್ತಾ ಇರುತ್ತಾರೆ, ಅಷ್ಟರಲ್ಲಿ ರೋಗಿ ಮುಂದಿನ ಮಾತಿಗೆ ಹೋಗಿ ಆಗಿರುತ್ತದೆ. ‘ಥ್ರೂ ಅಪ್’ ಅಂದರೆ ವಾಂತಿ. ‘ಹ್ಯಾವಂಟ್ ಕೆಪ್ಟ್ ಎನಿಥಿಂಗ್ ಡೌನ್’ ಅಂದರೆ ಆಮೇಲೆ ತಿಂದದ್ದು ಕುಡಿದದ್ದು ಯಾವುದೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ಈಗ ನರ್ಸ್ ಆಗಿ ಓದಿ ನೋಡಿ. ಮಲಗಿದ್ದವರು ಎದ್ದು ನಿಂತ ಕೂಡಲೇ ಎಚ್ಚರ ತಪ್ಪಿದೆ, ಆಮೇಲೆ ವಾಂತಿ, ನೀರೂ ನಿಲ್ಲುತ್ತಿಲ್ಲ. ಮಲಗಿಸಿ ಮತ್ತು ನಿಲ್ಲಿಸಿ ಬಿಪಿ ನೋಡಬೇಕು, ತಲೆಗೆ ಪೆಟ್ಟಾಗಿದೆಯಾ ಕೇಳಬೇಕು, ಯಾವ ಮಾತ್ರೆ ತಗೊಳ್ಳುತ್ತಾರೆ ಕೇಳಬೇಕು, ಡಾಕ್ಟರಿಗೆ ತಿಳಿಸಬೇಕು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಡೀ ಕಥೆ ಆ ಎರಡು ವಾಕ್ಯದಲ್ಲಿದೆ. ಫನ್ನಿ ಅಂದದ್ದಕ್ಕೆ ನಕ್ಕು ಮುಂದೆ ಹೋದರೆ ಎಲ್ಲ ಹೋಯಿತು.

ಹಾಗಾಗಿ ಕೋಚಿಂಗ್ ಸರ್ ಮಾತನ್ನು ನಾನು ಒಪ್ಪುವುದಿಲ್ಲ. ಫ್ರೇಸಲ್ ವರ್ಬ್ ಮುಟ್ಟಬೇಡಿ ಅನ್ನುವುದರ ಹಿಂದೆ ಒಂದು ಅರ್ಧ ಸತ್ಯ ಇದೆ. ಕೇಸ್ ಶೀಟ್, ರೆಫರಲ್ ಪತ್ರ, ಕಚೇರಿಯ ಪತ್ರಗಳಲ್ಲಿ ‘ಥ್ರೂ ಅಪ್’ ಅಂತ ಬರೆಯುವುದಕ್ಕಿಂತ ‘ವಾಮಿಟೆಡ್’ ಅಂತ ಬರೆಯುವುದು ಒಳ್ಳೆಯದು, ‘ಪಾಸ್ಡ್ ಔಟ್’ ಬದಲು ‘ಲಾಸ್ ಆಫ್ ಕಾನ್ಷಿಯಸ್‌ನೆಸ್’ ಒಳ್ಳೆಯದು. ಬೇಕಾದರೆ ರೋಗಿಯ ಮಾತನ್ನು ಕೊಟೇಶನ್ ಒಳಗೆ ಹಾಗೇ ಹಾಕಬಹುದು. ಆದರೆ ಬಾಯಿಮಾತಿನಲ್ಲಿ ಫ್ರೇಸಲ್ ವರ್ಬ್ ಬಿಟ್ಟು ಇಂಗ್ಲಿಷ್ ಆಡಲಿಕ್ಕೇ ಆಗುವುದಿಲ್ಲ. ‘ಐ ಲುಕ್ ಆಫ್ಟರ್ ಸಿಕ್ಸ್ ಪೇಶಂಟ್ಸ್’ ಅನ್ನುವ ವಾಕ್ಯದಲ್ಲೇ ಒಂದು ಉಂಟು. ‘ಕ್ಯಾರಿ ಔಟ್’, ‘ಫೈಂಡ್ ಔಟ್’, ‘ಫಿಲ್ ಇನ್ ದ ಫಾರ್ಮ್’, ಇವೆಲ್ಲ ಯಾವ ಮರ್ಯಾದೆಯ ಕಡೆಯೂ ನಡೆಯುವ ಮಾತುಗಳು. ಇವು ಸಲಿಗೆಯ ಭಾಷೆ, ಕೆಳದರ್ಜೆಯ ಭಾಷೆ ಅನ್ನುವುದು ಸುಮ್ನೆ ಹಬ್ಬಿದ ನಂಬಿಕೆ.

ನಾವು ಇವನ್ನು ಮುಟ್ಟದೆ ಇದ್ದೇವೆ ಅನ್ನುವುದೂ ಸುಳ್ಳು. ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರು ‘ಹೋಲ್ಡಾನ್’ ಅಂದರೆ ಡ್ರೈವರು ಬ್ರೇಕ್ ಹಾಕುತ್ತಾರೆ. ಅದೂ ಫ್ರೇಸಲ್ ವರ್ಬೇ. ಇಂಗ್ಲಿಷಿನಲ್ಲಿ ‘ಹೋಲ್ಡ್ ಆನ್’ ಅಂದರೆ ಸ್ವಲ್ಪ ತಡಿ ಅಂತಲೋ ಗಟ್ಟಿಯಾಗಿ ಹಿಡಿದುಕೋ ಅಂತಲೋ. ನಮ್ಮ ಬಸ್ಸಿನಲ್ಲಿ ಗಾಡಿ ನಿಲ್ಲಿಸು ಅಂತ ಆಗಿದೆ. ಚೆಕಪ್, ಫಾಲೋಅಪ್, ಬ್ರೇಕ್‌ಡೌನ್, ಪಿಕಪ್, ಎಲ್ಲ ಹೀಗೆ ಬಂದು ಇಲ್ಲಿಯವೇ ಆದವು. ಪಾಸೌಟ್ ಕೂಡ ಈ ಸಾಲಿನದ್ದೇ. ಒಳಗೆ ಬಂದ ಮೇಲೆ ಅರ್ಥ ಸ್ವಲ್ಪ ತಿರುಗಿದೆ, ಅದನ್ನು ಮತ್ತೆ ಹೊರಗೆ ತಗೊಂಡು ಹೋಗುವಾಗ ನೋಡಿಕೊಳ್ಳಬೇಕು.

ಇನ್ನು ರೂಮ್‌ಮೇಟ್ ಕೊಟ್ಟ 500ರ ಪಟ್ಟಿ. ಪಟ್ಟಿ ಕೊಟ್ಟ ಉದ್ದೇಶ ಒಳ್ಳೆಯದೇ, ಆದರೆ ಬಾಯಿಪಾಠದ ಅಪಾಯ ಏನೆಂದರೆ ಅರ್ಧ ಕಲಿತ ಪದ ಬಾಯಿಗೆ ಬಂದುಬಿಡುತ್ತದೆ. ‘ಪುಟ್ ಡೌನ್’ ಅಂದರೆ ಕೆಳಗೆ ಇಡು ಅಂತ ಪಟ್ಟಿಯಲ್ಲಿ ಇರುತ್ತದೆ. ಅದನ್ನು ನಂಬಿ ರೋಗಿಯನ್ನು ಹಾಸಿಗೆಯಲ್ಲಿ ಮಲಗಿಸಿದ್ದಕ್ಕೆ ‘ವಿ ಪುಟ್ ಹಿಮ್ ಡೌನ್’ ಅಂದರೆ ಕೇಳಿದವರು ಗಾಬರಿ ಆಗುತ್ತಾರೆ. ಗುಣವಾಗದ ನಾಯಿಗೋ ಕುದುರೆಗೋ ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೂ ಅದೇ ಮಾತು. ‘ಪುಟ್ ಟು ಸ್ಲೀಪ್’ ಕೂಡ ಹೀಗೇ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವುದಕ್ಕೂ ಹೇಳುತ್ತಾರೆ, ಸಾಕುಪ್ರಾಣಿಗೂ ಹೇಳುತ್ತಾರೆ. ಇಂಥ ಕಡೆ ‘ವಿ ಹೆಲ್ಪ್ಡ್ ಹಿಮ್ ಬ್ಯಾಕ್ ಟು ಬೆಡ್’ ಅಂತ ನೇರ ವಾಕ್ಯ ಸಾಕು.

ಪಾಸ್ ಕುಟುಂಬದ ಉಳಿದವುಗಳನ್ನು ಮಾತ್ರ ನೀವು ಈಗಲೇ ಗಟ್ಟಿ ಮಾಡಿಕೊಳ್ಳಲೇಬೇಕು, ಇವು ಆಸ್ಪತ್ರೆಯಲ್ಲಿ ದಿನಾ ಕಿವಿಗೆ ಬೀಳುತ್ತವೆ. ‘ಪಾಸ್ಡ್ ಅವೇ’ ಅಂದರೆ ತೀರಿಕೊಂಡರು, ಇದು ನಿಮಗೆ ಗೊತ್ತಿರುತ್ತದೆ. ಆದರೆ ಈಗ ಎಷ್ಟೋ ಜನ ಅವೇ ಕೂಡ ಬಿಟ್ಟು ಬರೀ ‘ಪಾಸ್ಡ್’ ಅನ್ನುತ್ತಾರೆ. ‘ಮೈ ಮದರ್ ಪಾಸ್ಡ್ ಇನ್ ಮಾರ್ಚ್’ ಅಂತ ಯಾರಾದರೂ ಹೇಳಿದರೆ ಯಾವ ಪರೀಕ್ಷೆ ಅಂತ ನಿಮ್ಮ ಮನಸ್ಸು ಓಡಬಾರದು. ‘ಐ ಆಮ್ ಸೋ ಸಾರಿ’ ಅನ್ನಬೇಕು. ‘ಪಾಸ್ ಆನ್’ ಗೆ ಎರಡು ಮುಖ ಇವೆ: ವಿಷಯ ಮುಟ್ಟಿಸುವುದು ಒಂದು, ಸಾಯುವುದು ಇನ್ನೊಂದು. ‘ಐ ವಿಲ್ ಪಾಸ್ ಇಟ್ ಆನ್ ಟು ದ ಡಾಕ್ಟರ್’ ಅಂದರೆ ಡಾಕ್ಟರಿಗೆ ಹೇಳುತ್ತೇನೆ ಅಂತ, ಇದು ನೀವೂ ಧಾರಾಳವಾಗಿ ಬಳಸಬಹುದಾದ ವಾಕ್ಯ. ಅದೇ ‘ಹಿ ಪಾಸ್ಡ್ ಆನ್’ ಅಂದರೆ ತೀರಿಹೋದರು. ‘ದ ಪೇನ್ ಪಾಸ್ಡ್ ಆಫ್’ ಅಂದರೆ ನೋವು ತಾನಾಗಿ ಕಡಿಮೆ ಆಯಿತು.

ಹಾಗಾದರೆ ಪಾಸ್ಡ್ ಔಟ್ ಕೇಳಿದಾಗ ಯಾವ ಅರ್ಥ ಅಂತ ಗುರುತಿಸುವುದು ಹೇಗೆ? ನಾನು ತರಗತಿಯಲ್ಲಿ ಹೇಳಿಕೊಡುವುದು ಇಷ್ಟೇ. ಅದರ ಮುಂದೆ ಒಂದು ವಸ್ತು ಉಂಟಾ ನೋಡಿ. ‘ಪಾಸ್ಡ್ ಔಟ್ ದ ಫಾರ್ಮ್ಸ್’ ಅಂದರೆ ಫಾರ್ಮ್ ಅನ್ನುವ ವಸ್ತು ಇದೆ, ಆದ್ದರಿಂದ ಹಂಚಿದ್ದು. ಇಲ್ಲಿ ‘ಪಾಸ್ಡ್ ದ ಫಾರ್ಮ್ಸ್ ಔಟ್’ ಅಂತ ಮಧ್ಯೆ ಕೂಡ ಹಾಕಬಹುದು. ಫಾರ್ಮ್ಸ್ ಬದಲು ‘ದೆಮ್’ ಬಂದರೆ ಮಧ್ಯದಲ್ಲೇ ಹಾಕಬೇಕು, ‘ಪಾಸ್ಡ್ ದೆಮ್ ಔಟ್’. ವಸ್ತು ಏನೂ ಇಲ್ಲದೆ ಬರೀ ಮನುಷ್ಯ ಪಾಸ್ಡ್ ಔಟ್ ಅಂದರೆ, ಸೈನ್ಯ ಪೊಲೀಸಿನ ಸುದ್ದಿ ಅಲ್ಲದಿದ್ದರೆ, ಎಚ್ಚರ ತಪ್ಪಿದ್ದೇ. ಇನ್ನು ಕಿವಿಯ ವಿಷಯ. ಅವರು ಪಾಸ್ಡ್, ಔಟ್ ಅಂತ ಬಿಡಿಸಿ ಹೇಳುವುದಿಲ್ಲ. ಎರಡೂ ಕೂಡಿ ‘ಪಾಸ್ಟೌಟ್’ ಅಂತ ಒಂದೇ ಉಸಿರಿನಲ್ಲಿ ಬರುತ್ತದೆ, ಒತ್ತು ಔಟ್ ಮೇಲೆ. ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಪಾ ದೀರ್ಘ ಇರುವುದಿಲ್ಲ, ‘ಪ್ಯಾಸ್ಟೌಟ್’ ಅನ್ನುವ ಹಾಗೆ ಕೇಳಿಸುತ್ತದೆ. ನಿಮ್ಮ ಆಸ್ಪತ್ರೆ ಯಾವ ಊರಿನದ್ದು ಅಂತ ನೋಡಿ ಆ ಕಡೆಯವರ ಮಾತು ಕೇಳಿ ಅಭ್ಯಾಸ ಮಾಡಿದರೆ ಒಳ್ಳೆಯದು.

ಇಷ್ಟೆಲ್ಲ ಆದರೂ ಕೆಲವು ಸಲ ಅರ್ಥ ಆಗುವುದಿಲ್ಲ. ಆಗ ಗೊತ್ತಾದ ಹಾಗೆ ತಲೆ ಆಡಿಸಬೇಡಿ, ‘ಯೆಸ್ ಯೆಸ್’ ಅನ್ನಬೇಡಿ. ನಮ್ಮ ಕಡೆಯ ಮಕ್ಕಳಲ್ಲಿ ನಾನು ನೋಡುವ ದೊಡ್ಡ ಅಭ್ಯಾಸ ಇದು, ಎದುರಿನವರಿಗೆ ಬೇಜಾರಾಗಬಾರದು ಅಂತ ಹೂಂಗುಟ್ಟಿಬಿಡುವುದು. ಇಂಟರ್‌ವ್ಯೂನಲ್ಲಿ ನೀವು ‘ಯೆಸ್ ಮೇಡಂ’ ಅಂದದ್ದೂ ಅದೇ. ನಾನು ನಿಮ್ಮ ಜಾಗದಲ್ಲಿ ತಿದ್ದಬೇಕಾದ್ದು ಯಾವುದು ಅಂತ ಕೇಳಿದರೆ ಪಾಸ್ಡ್ ಔಟ್‌ಗಿಂತ ಮೊದಲು ಈ ಯೆಸ್ ಅನ್ನು ತೋರಿಸುತ್ತೇನೆ. ‘ಸಾರಿ, ಡು ಯು ಮೀನ್ ಯು ಫೇಂಟೆಡ್?’ ಅಂತ ಕೇಳಿ. ಯಾವ ರೋಗಿಯೂ ಇದಕ್ಕೆ ಬೇಜಾರು ಮಾಡುವುದಿಲ್ಲ, ನನ್ನ ಮಾತು ಗಮನ ಇಟ್ಟು ಕೇಳುತ್ತಿದ್ದಾರೆ ಅಂತ ಸಮಾಧಾನ ಆಗುತ್ತದೆ. ಹೌದು ಅಂದರೆ ‘ಹೌ ಲಾಂಗ್ ವರ್ ಯು ಔಟ್ ಫಾರ್?’ ಅಂತ ಮುಂದಿನ ಪ್ರಶ್ನೆ. ಇಲ್ಲಿಯ ಔಟ್ ಕೂಡ ಎಚ್ಚರ ಇಲ್ಲದ್ದೇ.

ಇಲ್ಲಿ ಊರಿನಲ್ಲಿ ಪಾಸೌಟ್ ಅನ್ನುವುದನ್ನು ಬಿಡಬೇಕಾ? ಬಿಡಬೇಕಾಗಿಲ್ಲ. ಆದರೆ ಒಂದು ತೊಂದರೆ ಉಂಟು. ನಾಲಿಗೆಗೆ ಅಂಟಿದ ಮಾತು, ಗಾಬರಿ ಆದಾಗ ಅದೇ ಮೊದಲು ಹೊರಗೆ ಬರುತ್ತದೆ. ಇಂಟರ್‌ವ್ಯೂ ಅಂದರೆ ಗಾಬರಿಯೇ. ಆದ್ದರಿಂದ ಪರೀಕ್ಷೆ, ಇಂಟರ್‌ವ್ಯೂ ಎಲ್ಲ ಮುಗಿಯುವ ತನಕವಾದರೂ ಇಂಗ್ಲಿಷಿನಲ್ಲಿ ಆಡುವಾಗ ಇದರ ಬದಲು ಬೇರೆ ವಾಕ್ಯ ರೂಢಿ ಮಾಡಿಕೊಳ್ಳಿ. ಕನ್ನಡದಲ್ಲಿ, ತುಳುವಿನಲ್ಲಿ ಏನು ಬೇಕಾದರೂ ಹೇಳಿ. ಹೇಗೂ ಮುಂದೊಂದು ಸಲ ಬಾಯಿತಪ್ಪಿ ಬಂದರೆ, ಅಲ್ಲೇ ‘ಸಾರಿ, ಐ ಮೀನ್ ಐ ಗ್ರಾಜುಯೇಟೆಡ್ ಇನ್ 2019’ ಅಂತ ಹೇಳಿ ಮುಂದೆ ಹೋಗಿ. ತಿದ್ದಿಕೊಳ್ಳುವುದು ಬರುತ್ತದೆ ಅನ್ನುವುದೂ ಭಾಷೆ ಬರುತ್ತದೆ ಅನ್ನುವುದರ ಒಂದು ಗುರುತು.

ಓಇಟಿಗೆ ಎರಡು ತಿಂಗಳು ಇದೆ ಅಂದಿರಿ, ಸಾಕಷ್ಟು ಸಮಯ. ಇಂಗ್ಲೆಂಡಿನ ನರ್ಸಿಂಗ್ ಕೌನ್ಸಿಲ್ ಐಇಎಲ್‌ಟಿಎಸ್ ಅನ್ನುವ ಸಾಮಾನ್ಯ ಇಂಗ್ಲಿಷ್ ಪರೀಕ್ಷೆಯನ್ನೂ ಒಪ್ಪುತ್ತದೆ, ಆದರೆ ನೀವು ಓಇಟಿ ಆರಿಸಿದ್ದು ನನಗೆ ಸರಿ ಅನ್ನಿಸುತ್ತದೆ, ಯಾಕೆಂದರೆ ಅದರ ತಯಾರಿಯೇ ನಿಮ್ಮ ಮುಂದಿನ ಕೆಲಸದ ತಯಾರಿ. ಅದರ ಲಿಸನಿಂಗ್‌ನಲ್ಲಿ ಒಟ್ಟು 42 ಪ್ರಶ್ನೆ. ಅದರಲ್ಲಿ 24 ಬರುವುದು ಮೊದಲ ಭಾಗದಿಂದ, ಅಂದರೆ ರೋಗಿ ತನ್ನ ಕಷ್ಟ ಹೇಳಿಕೊಳ್ಳುವ ಎರಡು ಮಾತುಕತೆಗಳಿಂದ. ಮೇಲೆ ಅಜ್ಜಿ ಆಡಿದಂಥ ಮಾತು ಬರುವ ಜಾಗವೇ ಅದು. ಮಾತುಕತೆ ಕೇಳುತ್ತಾ ನೋಟ್ಸಿನ ಖಾಲಿ ಜಾಗ ತುಂಬಬೇಕು. ಸ್ಪೀಕಿಂಗ್‌ನಲ್ಲಿ ಎರಡು ರೋಲ್ ಪ್ಲೇ, ತಲಾ 5 ನಿಮಿಷ. ಅಲ್ಲಿ ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾತಾಡುತ್ತೀರಾ ಅಂತ ನೋಡುತ್ತಾರೆ. ದೊಡ್ಡ ದೊಡ್ಡ ಮೆಡಿಕಲ್ ಪದ ಹಾಕಿದರೆ ಮಾರ್ಕು ಸಿಗುವುದಿಲ್ಲ.

ತಯಾರಿಗೆ ಹೀಗೆ ಮಾಡಿ. 500ರ ಪಟ್ಟಿ ಪಕ್ಕಕ್ಕಿಡಿ. ನಿಮ್ಮ ವಾರ್ಡಿನಲ್ಲಿ ರೋಗಿಗಳು ಕನ್ನಡದಲ್ಲಿ ತುಳುವಿನಲ್ಲಿ ದಿನಾ ಹೇಳುವ ಕಷ್ಟಗಳನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ, ಯಾರ ಹೆಸರೂ ಬೇಡ. ತಲೆ ತಿರುಗಿ ಬಿದ್ದೆ. ಕಾಲು ಬಾತಿದೆ. ಮೈಯೆಲ್ಲ ದದ್ದು ಎದ್ದಿದೆ. ಮಾತ್ರೆಯ ಪವರ್ ಇಳಿಯಿತು, ಮತ್ತೆ ನೋವು ಶುರುವಾಯಿತು. ಕಫ ಬರುತ್ತಿದೆ. ಇವುಗಳಿಗೆ ಇಂಗ್ಲಿಷ್ ರೋಗಿ ಏನು ಹೇಳುತ್ತಾನೆ ಅಂತ ಎದುರಿಗೆ ಬರೆಯಿರಿ. ‘ಮೈ ಲೆಗ್ ಹ್ಯಾಸ್ ಸ್ವೋಲನ್ ಅಪ್’, ‘ಐ ಬ್ರೋಕ್ ಔಟ್ ಇನ್ ಅ ರ‍್ಯಾಶ್’, ‘ದ ಟ್ಯಾಬ್ಲೆಟ್ ವೋರ್ ಆಫ್’, ‘ಐ ಆಮ್ ಬ್ರಿಂಗಿಂಗ್ ಅಪ್ ಫ್ಲೆಮ್’, ಹೀಗೆ. ನಿಮ್ಮ ಕಣ್ಣೆದುರು ಒಬ್ಬ ರೋಗಿ ಇರುವಾಗ ಕೂತ ಮಾತು ಮರೆಯುವುದಿಲ್ಲ. ಪಟ್ಟಿಯ ಮಾತು ವಾರದಲ್ಲಿ ಹೋಗುತ್ತದೆ. ರಾತ್ರಿ ರೂಮ್‌ಮೇಟ್ ರೋಗಿ ಆಗಲಿ, ನೀವು ನರ್ಸ್, ಮರುದಿನ ಅದಲುಬದಲು. ಅವರಿಗೂ ಉಪಯೋಗ.

ಕೊನೆಗೆ ಬಯೋಡೇಟಾ. ಅದನ್ನು ಇವತ್ತೇ ಬದಲಾಯಿಸಿ, ಇದರಲ್ಲಿ ಯೋಚನೆ ಮಾಡುವಂಥದ್ದು ಇಲ್ಲ. ‘ಬಿಎಸ್ಸಿ ನರ್ಸಿಂಗ್, ಕಂಪ್ಲೀಟೆಡ್ 2019’ ಅಂತ ಹಾಕಿದರೆ ಜಗತ್ತಿನ ಯಾವ ಮೂಲೆಯಲ್ಲೂ ಗೊಂದಲ ಇಲ್ಲ. ಬಾಯಲ್ಲಿ ಹೇಳುವಾಗ ‘ಐ ಗ್ರಾಜುಯೇಟೆಡ್ ಇನ್ 2019’ ಸರಿ, ನಿಮ್ಮದು ಡಿಗ್ರಿ. ಕಾಲೇಜಿನ ಹೆಸರು ಸೇರಿಸುವುದಾದರೆ ‘ಗ್ರಾಜುಯೇಟೆಡ್ ಫ್ರಮ್’ ಅನ್ನಿ, ಫ್ರಮ್ ಬಿಡಬೇಡಿ. ಜಿಎನ್‌ಎಂ ಮಾಡಿದ ಗೆಳತಿಯರು ಇದನ್ನು ಓದುತ್ತಿದ್ದರೆ, ಅದು ಡಿಪ್ಲೊಮಾ ಆದ್ದರಿಂದ ಗ್ರಾಜುಯೇಟೆಡ್ ಬೇಡ, ‘ಐ ಕಂಪ್ಲೀಟೆಡ್ ಮೈ ಡಿಪ್ಲೊಮಾ’ ಸಾಕು. ಇಬ್ಬರಿಗೂ ಒಪ್ಪುವ, ಇಂಗ್ಲೆಂಡಿನ ನರ್ಸುಗಳೇ ತಮ್ಮ ಬಗ್ಗೆ ಹೇಳಿಕೊಳ್ಳುವ ವಾಕ್ಯ ‘ಐ ಕ್ವಾಲಿಫೈಡ್ ಇನ್ 2019’. ಮುಂದಿನ ಸಲ ನಿಮ್ಮ ಬಗ್ಗೆ ಹೇಳಿ ಅಂದಾಗ ಅದರಿಂದ ಶುರು ಮಾಡಿ, ಕೂಡಲೇ ಯಾವ ವಾರ್ಡಿನಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಅನ್ನುವುದಕ್ಕೆ ಹೋಗಿ. ಅವರಿಗೆ ಬೇಕಾದದ್ದು ಅದು.